ಅಂಗಡಿಯ ರಟ್ಟಿನ ಬಾಕ್ಸ್‌ನಲ್ಲೇ ಅನ್ನ ಬೇಯುತ್ತೆ: ಮಕ್ಕಳು ಮನೆಯಲ್ಲೇ ಮಾಡಬಹುದಾದ ಸೋಲಾರ್ ಒಲೆ

ಚಳ್ಳಕೆರೆ: ಶಾಲೆಯಿಂದ ವಿಜ್ಞಾನ ಪ್ರದರ್ಶನದ ಚೀಟಿ ಬಂತೆಂದರೆ ಮನೆಯಲ್ಲಿ ಗಡಿಬಿಡಿ ಶುರು. ಹಿಂದಿನ ದಿನ ಸಂಜೆ ಮಗುವನ್ನು ಬೈಕ್ ಮೇಲೆ ಕೂರಿಸಿಕೊಂಡು ಸ್ಟೇಷನರಿ ಅಂಗಡಿಗೆ ಓಡುವುದು, 'ಮಾಡೆಲ್ ಏನಾದ್ರೂ ಇದೆಯಾ ಅಣ್ಣ' ಅಂತ ಕೇಳುವುದು, ಥರ್ಮಾಕೋಲ್‌ನ ಜ್ವಾಲಾಮುಖಿಯನ್ನೋ ಸೌರಮಂಡಲವನ್ನೋ ಹಿಡಿದುಕೊಂಡು ಬರುವುದು. ಮಾರನೇ ದಿನ ತೀರ್ಪುಗಾರರು 'ಇದು ಹೇಗೆ ಕೆಲಸ ಮಾಡುತ್ತಮ್ಮ?' ಅಂದರೆ ಮಗು ಚಾರ್ಟ್ ನೋಡಿ ಓದುತ್ತೆ. ಚಾರ್ಟ್‌ನಲ್ಲಿ ಇಲ್ಲದ್ದನ್ನು ಕೇಳಿದರೆ ಅಪ್ಪನ ಮುಖ ನೋಡುತ್ತೆ.

ಇದಕ್ಕೆ ಬದಲಾಗಿ ಮಗು ತನ್ನ ಕೈಯಾರೆ ಮಾಡಿ, ಅದರಲ್ಲಿ ನಿಜವಾಗಿ ಅನ್ನ ಬೇಯಿಸಿ, 'ಹೀಗಾಗಿ ಬೆಂತು' ಅಂತ ಹೇಳಬಹುದಾದ ಪ್ರಾಜೆಕ್ಟ್ ಒಂದಿದೆ. ಅದೇ ಸೋಲಾರ್ ಒಲೆ. ನಮ್ಮ ಕಡೆ ಮಳೆಗೆ ಬರ ಇರಬಹುದು, ಬಿಸಿಲಿಗಂತೂ ಇಲ್ಲ. ಬೇಕಾದ ಸಾಮಾನಿನಲ್ಲಿ ಮುಕ್ಕಾಲು ಭಾಗ ಕಿರಾಣಿ ಅಂಗಡಿಯ ಹಿಂದೆ ಬಿದ್ದಿರುವಂಥದ್ದೇ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕಾಗಲಿ, ಬೇಸಿಗೆ ರಜೆಯ ಹೊತ್ತು ಕಳೆಯುವುದಕ್ಕಾಗಲಿ ಇದು ಹೇಳಿ ಮಾಡಿಸಿದಂತಿದೆ.

ಆದರೆ ಒಂದು ಮಾತು. ಮಕ್ಕಳು ಮಾಡುವ ಸೋಲಾರ್ ಒಲೆಗಳಲ್ಲಿ ಎಷ್ಟೋ ನೋಡೋಕೆ ಚೆನ್ನಾಗಿರುತ್ತವೆ, ಬಿಸಿಯೇ ಆಗಲ್ಲ. ಯಾಕೆ ಆಗಲ್ಲ ಅನ್ನುವುದು ಗೊತ್ತಾದರೆ ಅರ್ಧ ವಿಜ್ಞಾನ ಗೊತ್ತಾದ ಹಾಗೆ.

ಗುಟ್ಟು ಇರುವುದು ಕನ್ನಡಿಯಲ್ಲಲ್ಲ, ಮುಚ್ಚಳದಲ್ಲಿ

ಬಿಸಿಲಲ್ಲಿ ಗ್ಲಾಸ್ ಏರಿಸಿ ನಿಲ್ಲಿಸಿದ ಕಾರಿನೊಳಗೆ ಕೂತವರಿಗೆಲ್ಲ ಈ ಒಲೆಯ ಅನುಭವ ಆಗಿರುತ್ತೆ. ಬಿಸಿಲಿನ ಬೆಳಕು ಗಾಜಿನ ಮೂಲಕ ಸಲೀಸಾಗಿ ಒಳಗೆ ಬರುತ್ತೆ. ಒಳಗಿರುವ ಕಪ್ಪು ಸೀಟು ಆ ಬೆಳಕನ್ನು ಹೀರಿಕೊಂಡು ಕಾಯುತ್ತೆ. ಕಾದ ವಸ್ತು ತಾನೂ ಕಿರಣ ಹೊರಸೂಸುತ್ತೆ, ಆದರೆ ಅದು ಕಣ್ಣಿಗೆ ಕಾಣದ ಶಾಖದ ಕಿರಣ. ಬೆಳಕಿಗೆ ದಾರಿ ಬಿಟ್ಟ ಅದೇ ಗಾಜು ಈ ಶಾಖದ ಕಿರಣಕ್ಕೆ ದಾರಿ ಬಿಡಲ್ಲ. ಜೊತೆಗೆ ಕಾದ ಗಾಳಿಯೂ ಮೇಲೆದ್ದು ಹೋಗದಂತೆ ಗಾಜು ತಡೆಯುತ್ತೆ. ಬರುವುದು ಬರುತ್ತಲೇ ಇರುತ್ತೆ, ಹೋಗುವುದಕ್ಕೆ ದಾರಿ ಇಲ್ಲ. ಹಾಗಾಗಿ ಒಳಗಿನ ಬಿಸಿ ಏರುತ್ತಾ ಹೋಗುತ್ತೆ. (ಇದೇ ಕಾರಣಕ್ಕೆ ನಿಲ್ಲಿಸಿದ ಕಾರಿನಲ್ಲಿ ಚಿಕ್ಕ ಮಕ್ಕಳನ್ನು ಐದು ನಿಮಿಷಕ್ಕೂ ಬಿಟ್ಟು ಹೋಗಬಾರದು.)

ಮಕ್ಕಳು ಸಾಮಾನ್ಯವಾಗಿ ಹೊಳೆಯುವ ಫಾಯಿಲ್‌ಗೆ ಮಹತ್ವ ಕೊಡುತ್ತಾರೆ, ಮುಚ್ಚಳದ ಸಂದು ಮರೆಯುತ್ತಾರೆ. ಫಾಯಿಲ್ ಬಿಸಿಲನ್ನು ಒಂದಷ್ಟು ಹೆಚ್ಚು ತರಬಹುದು. ಆದರೆ ತಳ ತೂತಾದ ಕೊಡಕ್ಕೆ ಎಷ್ಟು ನೀರು ಹೊಯ್ದರೇನು?

ಲೆಕ್ಕ ನೋಡಿ. ಮೋಡವಿಲ್ಲದ ದಿನ ನಡು ಮಧ್ಯಾಹ್ನ ಒಂದು ಚದರ ಮೀಟರ್ ಜಾಗಕ್ಕೆ ಬೀಳುವ ಬಿಸಿಲಿನ ಶಕ್ತಿ ಸುಮಾರು 1000 ವ್ಯಾಟ್. ಬಾಕ್ಸ್‌ನ ಬಾಯಿ 30 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಇದ್ದರೆ ಒಳಗೆ ಬರುವುದು ಸುಮಾರು 90 ವ್ಯಾಟ್ ಅಷ್ಟೇ. ಹಳೇ ಕಾಲದ ಹಳದಿ ಬಲ್ಬಿಗಿಂತ ಚೂರು ಕಡಿಮೆ. ಮನೆಯ ಇಂಡಕ್ಷನ್ ಒಲೆ 2000 ವ್ಯಾಟ್‌ವರೆಗೂ ಹೋಗುತ್ತೆ. ಅಷ್ಟು ಕಡಿಮೆ ಶಕ್ತಿಯಲ್ಲಿ ಅನ್ನ ಬೇಯಬೇಕೆಂದರೆ ಬಂದ ಬಿಸಿಯನ್ನು ಜೋಪಾನ ಮಾಡುವುದೊಂದೇ ದಾರಿ.

ಪಾವಗಡದ ಪ್ಯಾನೆಲ್ ಬೇರೆ, ಇದು ಬೇರೆ

'ಸೋಲಾರ್' ಅಂದ ತಕ್ಷಣ ನಮ್ಮ ಭಾಗದ ಮಕ್ಕಳಿಗೆ ನೆನಪಾಗುವುದು ಪಕ್ಕದ ಪಾವಗಡದ ಸೋಲಾರ್ ಪಾರ್ಕ್. ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ ಅದರ ಸಾಮರ್ಥ್ಯ 2050 ಮೆಗಾವ್ಯಾಟ್. ಅಲ್ಲಿರುವ ಪ್ಯಾನೆಲ್‌ಗಳು ಬೆಳಕನ್ನು ನೇರವಾಗಿ ಕರೆಂಟ್ ಮಾಡುತ್ತವೆ. ಅವಕ್ಕೆ ಬೇಕಾದ್ದು ಬೆಳಕು. ಪ್ಯಾನೆಲ್ ತುಂಬಾ ಕಾದರೆ ಕರೆಂಟ್ ಕಡಿಮೆಯೇ ಆಗುತ್ತೆ. ಸೋಲಾರ್ ಒಲೆಯಲ್ಲಿ ಕರೆಂಟ್ ಇಲ್ಲ, ವೈರ್ ಇಲ್ಲ, ಬ್ಯಾಟರಿ ಇಲ್ಲ. ಬೆಳಕು ಬಿಸಿಯಾಗುತ್ತೆ, ಬಿಸಿ ಪಾತ್ರೆಗೆ ಸೇರುತ್ತೆ, ಅಷ್ಟೇ. ಮನೆ ಮೇಲಿನ ಸೋಲಾರ್ ವಾಟರ್ ಹೀಟರ್ ಇದರ ಅಣ್ಣ ಇದ್ದಂತೆ. ಪ್ರದರ್ಶನದಲ್ಲಿ ತೀರ್ಪುಗಾರರು ಈ ವ್ಯತ್ಯಾಸ ಕೇಳುವ ಸಾಧ್ಯತೆ ಹೆಚ್ಚು, ಮಗುವಿಗೆ ಗೊತ್ತಿರಲಿ.

ಏನೇನು ಬೇಕು, ಎಲ್ಲಿ ಸಿಗುತ್ತೆ

- ಎರಡು ರಟ್ಟಿನ ಬಾಕ್ಸ್. ಒಳಗಿನದು ಸುಮಾರು 30×30 ಸೆಂ.ಮೀ., ಎತ್ತರ 15 ಸೆಂ.ಮೀ. ಹೊರಗಿನದು 40×40 ಸೆಂ.ಮೀ., ಎತ್ತರ 20 ಸೆಂ.ಮೀ. ಅಳತೆ ಹೆಚ್ಚು ಕಡಿಮೆ ಆದರೂ ನಡೆಯುತ್ತೆ, ಎಲ್ಲ ಕಡೆ ನಾಲ್ಕೈದು ಸೆಂ.ಮೀ. ಸಂದು ಉಳಿಯಬೇಕು. ಬಿಸ್ಕತ್ತು, ಸೋಪಿನ ಬಾಕ್ಸ್‌ಗಳು ಯಾವ ಕಿರಾಣಿ ಅಂಗಡಿಯಲ್ಲಿ ಕೇಳಿದರೂ ಸಿಗುತ್ತವೆ.
- ಸಂದಿಗೆ ತುಂಬಲು ಶೇಂಗಾ ಸಿಪ್ಪೆ. ಎಣ್ಣೆ ಮಿಲ್‌ಗಳ ಊರಿನಲ್ಲಿ ಇದಕ್ಕೇನು ಕೊರತೆ? ಇಲ್ಲದವರು ಭತ್ತದ ಹೊಟ್ಟು ಅಥವಾ ಉಂಡೆ ಮಾಡಿದ ಹಳೇ ಪೇಪರ್ ಬಳಸಬಹುದು.
- ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಒಂದು ಸಣ್ಣ ರೋಲ್.
- ಗಾಜು. ಒಳಗಿನ ಬಾಕ್ಸ್‌ನ ಬಾಯಿಗಿಂತ ಪ್ರತಿ ಕಡೆ 2 ಸೆಂ.ಮೀ. ದೊಡ್ಡದಿರಲಿ. ಫೋಟೋ ಫ್ರೇಮ್ ಹಾಕುವ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡು ಸಿಗುತ್ತೆ. ಅಂಚನ್ನು ಅಲ್ಲೇ ಉಜ್ಜಿಸಿ, ಮನೆಗೆ ತಂದ ಮೇಲೆ ಸುತ್ತ ಟೇಪ್ ಹಚ್ಚಿ.
- ಕಪ್ಪು ಡ್ರಾಯಿಂಗ್ ಶೀಟ್, ಅಗಲದ ಟೇಪ್, ಮೈದಾ ಅಂಟು, ಒಂದು ಕಡ್ಡಿ.
- ಮುಚ್ಚಳ ಇರುವ, ಹಗುರವಾದ ಸಣ್ಣ ಡಬ್ಬಿ. ಹೊರಗಡೆ ಮಾತ್ರ ಕಪ್ಪಗಿರಬೇಕು. ಸೌದೆ ಒಲೆಯ ಮಸಿ ಹಿಡಿದ ಹಳೇ ಪಾತ್ರೆ ಇದ್ದರೆ ತಿಕ್ಕಬೇಡಿ, ಹಾಗೇ ತನ್ನಿ. ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಇಲ್ಲದಿದ್ದರೆ ಶಾಲೆಯ ಕಪ್ಪು ಹಲಗೆಗೆ ಬಳಿಯುವ, ಹೊಳಪಿಲ್ಲದ ಪೇಂಟ್ ಹಚ್ಚಬಹುದು.

ಥರ್ಮಾಕೋಲ್ ಬಿಸಿ ತಡೆಯುತ್ತೆ, ನಿಜ. ಆದರೆ ನೂರು ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗಿ ಕುಗ್ಗುತ್ತೆ. ಅದನ್ನು ಬಾಕ್ಸ್‌ನ ಒಳಭಾಗಕ್ಕೆ ಬಳಸಬೇಡಿ.

ಮಾಡುವ ಕ್ರಮ

ಮೊದಲು ಒಳಗಿನ ಬಾಕ್ಸ್‌ನ ನಾಲ್ಕೂ ಗೋಡೆಗೆ ಒಳಭಾಗದಲ್ಲಿ ಫಾಯಿಲ್ ಅಂಟಿಸಿ. ಹೆಚ್ಚು ಹೊಳೆಯುವ ಮುಖ ಕಾಣುವಂತಿರಲಿ, ಸುಕ್ಕು ಕಡಿಮೆ ಇರಲಿ. ತಳಕ್ಕೆ ಕಪ್ಪು ಶೀಟ್ ಹಾಸಿ.

ಹೊರಗಿನ ಬಾಕ್ಸ್‌ನ ತಳಕ್ಕೆ ಐದು ಸೆಂ.ಮೀ. ಶೇಂಗಾ ಸಿಪ್ಪೆ ಹರಡಿ. ಅದರ ಮೇಲೆ ಒಳಗಿನ ಬಾಕ್ಸ್ ಇಡಿ. ಎರಡರ ಬಾಯಿಯೂ ಒಂದೇ ಮಟ್ಟಕ್ಕೆ ಬರಬೇಕು. ಬರದಿದ್ದರೆ ಎತ್ತರ ಇರುವುದನ್ನು ಕತ್ತರಿಸಿ. ಸುತ್ತಲಿನ ಸಂದಿಗೂ ಸಿಪ್ಪೆ ತುಂಬಿ. ಗುದ್ದಿ ಗುದ್ದಿ ತುಂಬಬೇಡಿ. ಬಿಸಿಯನ್ನು ತಡೆಯುವುದು ಸಿಪ್ಪೆಯ ನಡುವೆ ಸಿಕ್ಕಿಕೊಂಡು ನಿಂತ ಗಾಳಿ. ಒತ್ತಿದರೆ ಆ ಗಾಳಿಯೇ ಇರಲ್ಲ. ಹತ್ತಿ ತುಂಬಿದ ರಜಾಯಿ ಬೆಚ್ಚಗಿರುವುದೂ ಇದೇ ಕಾರಣಕ್ಕೆ. ಆಮೇಲೆ ಸಂದಿನ ಮೇಲೆ ರಟ್ಟಿನ ಪಟ್ಟಿ ಇಟ್ಟು ಟೇಪ್ ಹಾಕಿ ಮುಚ್ಚಿ.

ಈ ಪಟ್ಟಿಯ ಮೇಲೆ ಗಾಜು ಮಟ್ಟಸವಾಗಿ ಕೂರಬೇಕು. ಹಳೇ ಬಟ್ಟೆಯನ್ನು ಕಿರುಬೆರಳಗಲ ಮಡಚಿ ಬಾಯಿ ಸುತ್ತ ಅಂಟಿಸಿದರೆ ಸಂದು ಉಳಿಯಲ್ಲ. ಸರಿ ಇದೆಯೇ ಅಂತ ನೋಡಲು ಒಂದು ಚೂರು ಪೇಪರ್ ಸಾಕು: ಗಾಜಿನ ಕೆಳಗೆ ಪೇಪರ್ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ಆ ಜಾಗದಲ್ಲಿ ಬಿಸಿಯೂ ಸಲೀಸಾಗಿ ಹೋಗುತ್ತೆ. ನಾಲ್ಕೂ ಕಡೆ ಹೀಗೆ ಪರೀಕ್ಷೆ ಮಾಡಲಿ.

ಕೊನೆಗೆ 40×40 ಸೆಂ.ಮೀ. ರಟ್ಟಿಗೆ ಫಾಯಿಲ್ ಅಂಟಿಸಿ, ಬಾಕ್ಸ್‌ನ ಒಂದು ಅಂಚಿಗೆ ಬಾಗಿಲಿನಂತೆ ಟೇಪ್ ಹಾಕಿ ಕೂರಿಸಿ, ಕಡ್ಡಿ ಕೊಟ್ಟು ನಿಲ್ಲಿಸಿ. ಇದೇ ಕನ್ನಡಿ.

ಪೇಂಟ್, ಅಂಟು ಬಳಸಿರುವುದರಿಂದ ಮೊದಲ ದಿನ ಅಡುಗೆ ಬೇಡ. ಖಾಲಿ ಡಬ್ಬಿ ಇಟ್ಟು ಇಡೀ ದಿನ ಬಿಸಿಲಿಗೆ ಬಿಡಿ, ವಾಸನೆಯೆಲ್ಲ ಹೋಗಲಿ.

ಯಾವಾಗ, ಯಾವ ದಿಕ್ಕಿಗೆ

ಬೆಳಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಎರಡೂವರೆವರೆಗೆ ಒಳ್ಳೇ ಹೊತ್ತು. ಸೂರ್ಯ ಅತಿ ಎತ್ತರಕ್ಕೆ ಬರುವುದು ಗಡಿಯಾರದ ಸರಿಯಾಗಿ 12ಕ್ಕೆ ಅಂತ ಎಲ್ಲರೂ ತಿಳಿದಿರುತ್ತಾರೆ. ನಮ್ಮಲ್ಲಿ ಅದು ಸರಾಸರಿ 12.20ರ ಆಸುಪಾಸು. ದೇಶಕ್ಕೆಲ್ಲ ಒಂದೇ ಗಡಿಯಾರ, ಅದರ ಲೆಕ್ಕ ನಮಗಿಂತ ಸುಮಾರು ಆರು ಡಿಗ್ರಿ ಪೂರ್ವಕ್ಕಿರುವ ರೇಖಾಂಶದ್ದು. ಒಂದು ಡಿಗ್ರಿಗೆ ನಾಲ್ಕು ನಿಮಿಷ ತಡ.

ಕನ್ನಡಿ ಸೂರ್ಯನಿಗೆ ಎದುರಾಗಿರಬೇಕು, ಅದರ ನೆರಳು ನೇರ ಹಿಂದಕ್ಕೆ ಬೀಳಬೇಕು. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ನಮ್ಮ ತಾಲ್ಲೂಕಿನಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಆಗ ಕನ್ನಡಿಯನ್ನು ನೇರ ನಿಲ್ಲಿಸಿದರೆ ಏನೂ ಪ್ರಯೋಜನವಿಲ್ಲ, ಸ್ವಲ್ಪ ಹಿಂದಕ್ಕೆ ವಾಲಿಸಬೇಕು. ಕಂಪಾಸ್ ಬಾಕ್ಸ್‌ನ ಕೋನಮಾಪಕದಲ್ಲಿ ನೆಲದಿಂದ 60 ಡಿಗ್ರಿ ಇಟ್ಟರೆ ಕನ್ನಡಿಯ ಬೆಳಕು ಗಾಜಿನ ಮೇಲೆ ತುಂಬಾ ಬೀಳುತ್ತೆ. ಬೇರೆ ಹೊತ್ತಿನಲ್ಲಿ ಕನ್ನಡಿಯನ್ನು ಹಿಂದೆ ಮುಂದೆ ಆಡಿಸಿ, ಬೆಳಕಿನ ಮಚ್ಚೆ ಗಾಜಿನ ಮೇಲೆ ಎಲ್ಲಿ ಬೀಳುತ್ತೆ ಅಂತ ನೋಡಿ ನಿಲ್ಲಿಸಿದರೆ ಸಾಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ, ಹಾಗಾಗಿ ಅರ್ಧ ಗಂಟೆಗೊಮ್ಮೆ ಬಾಕ್ಸ್ ತಿರುಗಿಸಬೇಕು.

ಗಾಳಿಯೂ ಲೆಕ್ಕಕ್ಕೆ ಬರುತ್ತೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಗೆ ಬಾಕ್ಸ್‌ನ ಬಿಸಿ ಹೊತ್ತೊಯ್ಯುವುದು ದೊಡ್ಡದಲ್ಲ. ಮಹಡಿಯ ಬಯಲಿಗಿಂತ ಗೋಡೆಯ ಮರೆ ವಾಸಿ.

ಮೊದಲ ಅಡುಗೆ ಅನ್ನ ಬೇಡ

ಶುರುವಿನಲ್ಲೇ ಅನ್ನಕ್ಕೆ ಇಟ್ಟು ಬೇಯದಿದ್ದರೆ ಮಗುವಿಗೆ ಬೇಜಾರಾಗುತ್ತೆ. ಮೆಟ್ಟಿಲು ಹತ್ತಿದಂತೆ ಹೋಗಲಿ. ಮೊದಲು ಒಂದು ತುಂಡು ಚಾಕೊಲೇಟ್; ಅದು 34 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತೆ. ಆಮೇಲೆ ಹಳೇ ತಟ್ಟೆಯಲ್ಲಿ ಮೇಣದಬತ್ತಿಯ ಚೂರು. ಅದು ಕರಗಿದರೆ ಒಳಗೆ 50–60 ಡಿಗ್ರಿ ದಾಟಿದೆ ಅಂತ ಅರ್ಥ. ಮೂರನೆಯದಕ್ಕೆ ಮೊಟ್ಟೆ ತಿನ್ನುವ ಮನೆಯಾದರೆ ಎಣ್ಣೆ ಸವರಿದ ಡಬ್ಬಿಯಲ್ಲಿ ಒಂದು ಮೊಟ್ಟೆ ಒಡೆದು ಹಾಕಿ. ಬಿಳಿ ಭಾಗ ಗಟ್ಟಿಯಾಗಲು ಶುರುವಾಗುವುದು 60 ಡಿಗ್ರಿ ದಾಟಿದ ಮೇಲೆ. ಥರ್ಮಾಮೀಟರ್ ಇಲ್ಲದಿದ್ದರೂ ಇವೇ ಥರ್ಮಾಮೀಟರ್.

ಈ ಮೂರೂ ಆದ ಮೇಲೆ ಅನ್ನ. ಅರ್ಧ ಲೋಟ ಅಕ್ಕಿ ತೊಳೆದು ಅರ್ಧ ಗಂಟೆ ನೆನೆಸಿ, ಒಂದು ಲೋಟ ನೀರು ಹಾಕಿ, ಡಬ್ಬಿಯ ಮುಚ್ಚಳ ಮುಚ್ಚಿ 11 ಗಂಟೆಗೆ ಇಡಿ. ಚೆನ್ನಾಗಿ ಮಾಡಿದ ಬಾಕ್ಸ್‌ನಲ್ಲಿ ಬಿಸಿ 80–90 ಡಿಗ್ರಿಗೆ ಬರುತ್ತೆ. ಅನ್ನ ಬೇಯಲು ನೀರು ಕೊತಕೊತ ಕುದಿಯಲೇಬೇಕೆಂದಿಲ್ಲ, ಇಷ್ಟು ಬಿಸಿ ಹೊತ್ತು ನಿಂತರೆ ಸಾಕು. ಎರಡರಿಂದ ಮೂರು ಗಂಟೆ ಹಿಡಿಯುತ್ತೆ. ತಳ ಹಿಡಿಯಲ್ಲ, ಉಕ್ಕಲ್ಲ, ಪಕ್ಕದಲ್ಲಿ ನಿಂತು ಕಾಯಬೇಕಿಲ್ಲ.

ನಡುವೆ ಮೋಡ ಮುಚ್ಚಿ ಬಾಕ್ಸ್ ಉಗುರುಬೆಚ್ಚಗೇ ನಿಂತುಬಿಟ್ಟರೆ ಆ ಅಡುಗೆಯನ್ನು ಸಂಜೆವರೆಗೆ ಹಾಗೇ ಬಿಡಬೇಡಿ. ಉಗುರುಬೆಚ್ಚಗಿನ ಅನ್ನ, ಮೊಟ್ಟೆಯಲ್ಲಿ ರೋಗಾಣು ಬೇಗ ಬೆಳೆಯುತ್ತವೆ. ಕೂಡಲೇ ಗ್ಯಾಸ್ ಮೇಲಿಟ್ಟು ಪೂರ್ತಿ ಬೇಯಿಸಿ. ಎರಡು ಗಂಟೆಗಿಂತ ಹೆಚ್ಚು ಹಾಗೇ ಉಳಿದಿದ್ದರೆ ಚೆಲ್ಲಿ.

ಬಿಸಿ ಆಗ್ತಿಲ್ಲವೇ?

ಮೊದಲು ಗಾಜಿನ ಸಂದು ನೋಡಿ, ಪೇಪರ್ ಪರೀಕ್ಷೆ ಮತ್ತೆ ಮಾಡಿ. ಅದು ಸರಿ ಇದ್ದರೆ ಡಬ್ಬಿ ದೊಡ್ಡದಾಗಿರಬಹುದು, ನೀರು ಹೆಚ್ಚಾಗಿರಬಹುದು. ಗಾಜಿನ ಒಳಗೆ ಹನಿ ಕಟ್ಟಿದೆಯೇ? ಹಾಗಾದರೆ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿಲ್ಲ, ಆವಿ ಹೊರಬಂದು ಬೆಳಕಿಗೆ ಅಡ್ಡ ನಿಂತಿದೆ. ಇನ್ನು 'ಆಯ್ತಾ ಆಯ್ತಾ' ಅಂತ ಐದು ನಿಮಿಷಕ್ಕೊಮ್ಮೆ ಗಾಜು ತೆಗೆದು ನೋಡುವ ಚಪಲ. ಒಂದು ಸಲ ತೆಗೆದರೆ ಅಷ್ಟೊತ್ತು ಕೂಡಿಟ್ಟ ಬಿಸಿ ಗಾಳಿಯೆಲ್ಲ ಹೋಯಿತು.

ಅಳತೆ ಮಾಡಿದರೆ ಪ್ರಾಜೆಕ್ಟ್, ಇಲ್ಲದಿದ್ದರೆ ಅಡುಗೆ

ಅನ್ನ ಬೆಂದರೆ ಮನೆಯವರಿಗೆ ಖುಷಿ. ವಿಜ್ಞಾನ ಶುರುವಾಗುವುದು ಮಗು ನೋಟ್‌ಬುಕ್ ಹಿಡಿದು ಕೂತಾಗ. ಶಾಲೆಯ ಪ್ರಯೋಗಾಲಯದಿಂದ 110 ಡಿಗ್ರಿವರೆಗೆ ತೋರಿಸುವ ಥರ್ಮಾಮೀಟರ್ ಕೇಳಿ ಪಡೆಯಿರಿ. ಜ್ವರ ನೋಡುವುದನ್ನು ಇಡಲೇಬೇಡಿ; ಅದು ತೋರಿಸುವುದೇ ಸುಮಾರು 42 ಡಿಗ್ರಿವರೆಗೆ, ಗಾಜಿನದಾದರೆ ಒಡೆದು ಪಾದರಸ ಚೆಲ್ಲುತ್ತೆ.

ಡಬ್ಬಿಗೆ ಒಂದು ಲೋಟ ನೀರು ಹಾಕಿ, ಥರ್ಮಾಮೀಟರನ್ನು ಗಾಜಿನ ಹೊರಗಿನಿಂದಲೇ ಓದಲು ಬರುವಂತೆ ಇಟ್ಟು, ಕಾಲು ಗಂಟೆಗೊಮ್ಮೆ ಬರೆದುಕೊಳ್ಳಲಿ. ಮರುದಿನ ಅದೇ ಹೊತ್ತಿಗೆ, ಅಷ್ಟೇ ನೀರಿನಲ್ಲಿ, ಒಂದೇ ಒಂದು ಸಂಗತಿ ಬದಲಿಸಲಿ. ಒಂದು ದಿನ ಕನ್ನಡಿ ಇಲ್ಲದೆ. ಒಂದು ದಿನ ಗಾಜು ಇಲ್ಲದೆ. ಒಂದು ದಿನ ಕಪ್ಪು ಡಬ್ಬಿ ಬದಲು ಫಳಫಳ ಹೊಳೆಯುವ ಸ್ಟೀಲ್ ಡಬ್ಬಿ. ಒಂದು ದಿನ ಶೇಂಗಾ ಸಿಪ್ಪೆ ತೆಗೆದು. ಎರಡು ಸಂಗತಿ ಒಟ್ಟಿಗೆ ಬದಲಿಸಬಾರದು. ಬದಲಿಸಿದರೆ ವ್ಯತ್ಯಾಸ ಯಾವುದರಿಂದ ಬಂತು ಅಂತ ಹೇಳೋಕಾಗಲ್ಲ. ಐದು ದಿನದ ಐದು ಗೆರೆಗಳನ್ನು ಒಂದೇ ಗ್ರಾಫ್ ಹಾಳೆಯಲ್ಲಿ ಎಳೆದರೆ ಯಾವುದಕ್ಕೆ ಎಷ್ಟು ಬೆಲೆ ಅಂತ ಮಗುವಿಗೇ ಕಾಣುತ್ತೆ. ಬಣ್ಣದ ಚಾರ್ಟ್ ಹತ್ತಿದ್ದರೂ ತೀರ್ಪುಗಾರರ ಕಣ್ಣು ಈ ಒಂದು ಹಾಳೆ ಮೇಲೆ ನಿಲ್ಲುತ್ತೆ.

ಎರಡೂವರೆ ಶತಮಾನದ ಹಳೇ ಪೆಟ್ಟಿಗೆ

ಇದನ್ನು ಮೊದಲು ಅಳತೆ ಇಟ್ಟು ಪರೀಕ್ಷಿಸಿದವರು ಸ್ವಿಟ್ಜರ್ಲೆಂಡ್‌ನ ವಿಜ್ಞಾನಿ ಹೊರೇಸ್ ಬೆನೆಡಿಕ್ಟ್ ಡಿ ಸೊಸ್ಯೂರ್. 1767ರಲ್ಲಿ ಗಾಜಿನ ಪದರಗಳಿರುವ ಪೆಟ್ಟಿಗೆ ಮಾಡಿ ಹಣ್ಣು ಬೇಯಿಸಿದರು. ಮುಂದೆ ಪೆಟ್ಟಿಗೆ ಸುಧಾರಿಸಿ ಸುಮಾರು 110 ಡಿಗ್ರಿ ಮುಟ್ಟಿಸಿದರು. ಅದನ್ನು ಬೆಟ್ಟದ ಮೇಲೂ ಹೊತ್ತುಕೊಂಡು ಹೋಗಿ ನೋಡಿದರು. ಹೊರಗೆ ಗಾಳಿ ತಣ್ಣಗಿದ್ದರೂ ಪೆಟ್ಟಿಗೆಯೊಳಗಿನ ಬಿಸಿ ಕೆಳಗಿದ್ದಾಗಿನಷ್ಟೇ ಹೆಚ್ಚುಕಡಿಮೆ ಇತ್ತು. ನಮಗೂ ಇದರಲ್ಲಿ ಪಾಠ ಇದೆ: ಡಿಸೆಂಬರ್‌ನ ಚಳಿಯಲ್ಲೂ ಆಕಾಶ ತಿಳಿಯಾಗಿದ್ದರೆ ಒಲೆ ನಡೆಯುತ್ತೆ. ಬೇಕಾದ್ದು ಸೆಖೆಯಲ್ಲ, ಬಿಸಿಲು.

ನಮ್ಮ ದೇಶದಲ್ಲಿ 1870ರ ದಶಕದಲ್ಲೇ ಮುಂಬೈನಲ್ಲಿದ್ದ ವಿಲಿಯಂ ಆಡಮ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಎಂಟು ಕನ್ನಡಿ ಇರುವ ಒಲೆ ಮಾಡಿ ಏಳು ಸೈನಿಕರ ಊಟ ಬೇಯಿಸಿ ತೋರಿಸಿದ್ದರು. ಸೌದೆ ಕಡಿಮೆ ಇರುವ ಬಿಸಿಲಿನ ನಾಡಿಗೆ ಇದು ಆಸರೆ ಅನ್ನುವುದು ಅವರ ವಾದವಾಗಿತ್ತು. 1980ರ ದಶಕದಲ್ಲಿ ಸರ್ಕಾರ ಸಹಾಯಧನ ಕೊಟ್ಟು ಪೆಟ್ಟಿಗೆ ಮಾದರಿಯ ಸೋಲಾರ್ ಕುಕ್ಕರ್‌ಗಳನ್ನು ಹಂಚಿತ್ತು.

ಹಾಗಾದರೆ ಮನೆಮನೆಯಲ್ಲಿ ಯಾಕಿಲ್ಲ? ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಮಕ್ಕಳ ಊಟದ ಡಬ್ಬಿ ತುಂಬುವ ಹೊತ್ತಿಗೆ ಬಿಸಿಲಿಗೆ ಬಲ ಬಂದಿರಲ್ಲ. ರಾತ್ರಿ ಅಡುಗೆಗೆ ಸೂರ್ಯನೇ ಇಲ್ಲ. ಒಗ್ಗರಣೆಗೆ ಈ ಬಿಸಿ ಸಾಲಲ್ಲ, ಕುದಿಯುವ ಎಸರಿಗೆ ಹಿಟ್ಟು ಹಾಕಿ ತಿರುವಬೇಕಾದ ಮುದ್ದೆಯಂತೂ ಇದರಲ್ಲಿ ಆಗಲ್ಲ. ಯಾವುದು ಆಗುತ್ತೆ, ಯಾವುದು ಆಗಲ್ಲ ಅಂತ ಎರಡನ್ನೂ ಹೇಳಿದ ಮಗುವಿನ ಪ್ರಾಜೆಕ್ಟ್ ಗಟ್ಟಿ.

ಎಚ್ಚರ ಇರಲಿ

- ಸೂರ್ಯನನ್ನಾಗಲಿ, ಫಾಯಿಲ್‌ನಲ್ಲಿ ಹೊಳೆಯುವ ಸೂರ್ಯನ ಬಿಂಬವನ್ನಾಗಲಿ ನೇರ ನೋಡಬಾರದು. ಕೂಲಿಂಗ್ ಗ್ಲಾಸ್ ಹಾಕಿದರೂ ಬೇಡ.
- ಉರಿ ಕಾಣಲ್ಲ ಅಂತ ಕೈ ಹಾಕಬಾರದು. ಡಬ್ಬಿಯನ್ನು ದೊಡ್ಡವರೇ ಬಟ್ಟೆ ಹಿಡಿದು ತೆಗೆಯಲಿ, ಆವಿ ಮುಖಕ್ಕೆ ಬರದಂತೆ ಮುಚ್ಚಳ ಆಚೆ ಕಡೆಯಿಂದ ಎತ್ತಲಿ.
- ತಿರುಪಿನ ಮುಚ್ಚಳ ಬಿಗಿಯಾಗಿ ಹಾಕಿದ ಬಾಟಲಿ, ಗಾಜಿನ ಭರಣಿ ಒಳಗಿಡಬಾರದು. ಆವಿಯ ಒತ್ತಡಕ್ಕೆ ಒಡೆಯಬಹುದು.
- ಗಾಜು ಕತ್ತರಿಸುವುದು, ರಟ್ಟು ಕೊಯ್ಯುವುದು ದೊಡ್ಡವರ ಕೆಲಸ.
- ಬೂದುಗಾಜು, ಡಿಶ್ ಆಂಟೆನಾದಂಥ ಬಾಗಿದ ಕನ್ನಡಿ ಮಕ್ಕಳಿಗೆ ಬೇಡ. ಅವು ಬಿಸಿಲನ್ನು ಒಂದೇ ಬಿಂದುವಿಗೆ ತಂದು ಬೆಂಕಿ ಹಚ್ಚಬಲ್ಲವು. ಈ ಬಾಕ್ಸ್‌ನ ಬಿಸಿಗೆ ಪೇಪರ್ ಹೊತ್ತಿಕೊಳ್ಳಲ್ಲ, ಆದರೂ ಹುಲ್ಲಿನ ಬಣವೆ, ಕಣದ ಹತ್ತಿರ ಇಡದಿರುವುದು ಒಳ್ಳೆಯದು.

ಅಂಗಡಿಯವರಿಗೂ ಒಂದು ಮಾತು. ಗುಜರಿಗೆ ಹೋಗುವ ರಟ್ಟಿನ ಬಾಕ್ಸ್‌ಗಳಲ್ಲಿ ಎರಡನ್ನು ಮಗು ಕೇಳಿದರೆ ತೆಗೆದುಕೊಡಿ. ಫ್ರೇಮ್ ಅಂಗಡಿಯವರು ತುಂಡು ಗಾಜಿನ ಅಂಚು ಉಜ್ಜಿಕೊಡಿ. ಸ್ಟೇಷನರಿಯವರು ರೆಡಿಮೇಡ್ ಮಾಡೆಲ್ ಕೇಳಿ ಬಂದವರಿಗೆ ಕಪ್ಪು ಶೀಟು, ಟೇಪು, ಗ್ರಾಫ್ ಹಾಳೆಯನ್ನೂ ತೋರಿಸಿ. ವ್ಯಾಪಾರಕ್ಕೇನೂ ಮೋಸ ಇಲ್ಲ. ಪ್ರದರ್ಶನದ ದಿನ ಮೋಡ ಕವಿದು ಒಲೆ ಬಿಸಿಯಾಗದಿದ್ದರೂ ಚಿಂತೆ ಬೇಡ. ಐದು ದಿನ ಬಿಸಿಲಲ್ಲಿ ಕೂತು ಬರೆದ ಆ ನೋಟ್‌ಬುಕ್ ಕೈಯಲ್ಲಿದ್ದರೆ ತೀರ್ಪುಗಾರರು ಏನೇ ಕೇಳಿದರೂ ಮಗು ಅಪ್ಪನ ಮುಖ ನೋಡಬೇಕಾಗಲ್ಲ.